ಬೊಟ್ಟಿಲ್ಲದ ಕೆನ್ನೆ

“ಬೊಟ್ಟೆಲ್ಲಿ?”

ನಾರಾಯಣಮ್ಮ ಫೋಟೊವನ್ನು ಗಾಜಿನ ಮೇಜಿನ ಮೇಲೆ ಕುಕ್ಕಿದ ಸದ್ದಿಗೆ ಸ್ಟುಡಿಯೊ ಮಾಲೀಕ ಕನಕರಾಜು ಎದ್ದೇ ನಿಂತ. ಆಕೆಯ ಹಿಂದೆ ಗಂಡ ಚಿಕ್ಕವೆಂಕಟಪ್ಪ, ಅವರ ಹಿಂದೆ ಮಗಳು ಚೈತ್ರ, ಅವಳ ತೋಳಿನಲ್ಲಿ ಸೂರು ಹಾರಿಹೋಗುವಂತೆ ಅರಚುತ್ತಿದ್ದ ಗಂಡುಕೂಸು.

“ಯಾವ ಬೊಟ್ಟಮ್ಮಾ?”

“ದಿಷ್ಟಿ ಬೊಟ್ಟು ಕಣಪ್ಪ! ಇಷ್ಟಗಲ, ನನ್ನ ಕೈಯಾರೆ ಇಟ್ಟಿದ್ದೆ. ಕಂಪ್ಯೂಟರ್‌ನಲ್ಲಿ ಒರೆಸಿ ಹಾಕಿದ್ದೀಯ. ನೆಂಟರ ಗ್ರೂಪಿಗೆಲ್ಲ ಫೋಟೊ ಹೋಗಿದೆ. ನೋಡ್ದೋರ ಕಣ್ಣೆಲ್ಲ ತಗಲಿ ಮಗು ಬೆಳಗಿಂದ ಹಾಲೇ ಮುಟ್ಟಿಲ್ಲ.”

ಕನಕರಾಜುವಿಗೆ ಮಗುವಿನ ಹಾಲಿಗಿಂತ ತನ್ನ ಮರ್ಯಾದೆಯ ಚಿಂತೆ ಹತ್ತಿತು. ಚಿಂತಾಮಣಿಯಲ್ಲಿ ಸ್ಟುಡಿಯೊಗಳಿಗೇನೂ ಬರವಿಲ್ಲ. ಒಬ್ಬ ಮದುಮಗಳನ್ನು ಬೆಳ್ಳಗೆ ಮಾಡುತ್ತಾನೆ, ಇನ್ನೊಬ್ಬ ಬೋಳುತಲೆಗೆ ಕೂದಲು ಬೆಳೆಸುತ್ತಾನೆ, ಮತ್ತೊಬ್ಬ ನಂದಿಬೆಟ್ಟದ ಮೇಲೆ ಹಿಮ ಸುರಿಸಿ ಗಂಡಹೆಂಡಿರನ್ನು ನಿಲ್ಲಿಸುತ್ತಾನೆ. ಕನಕರಾಜು ಮಾತ್ರ ತೆಗೆದ ಫೋಟೊವನ್ನು ಮುಟ್ಟುವವನಲ್ಲ. ‘ಇದ್ದದ್ದು ಇದ್ದಂತೆ’ ಎಂದು ಬಾಗಿಲ ಮೇಲೆ ಬೋರ್ಡ್ ಬೇರೆ ಹಾಕಿಸಿದ್ದ. ಅದರಿಂದ ಗಿರಾಕಿಗಳು ಕಮ್ಮಿಯಾದರು, ಜಂಬ ಜಾಸ್ತಿಯಾಯಿತು. ಇವತ್ತು ಆ ಬೋರ್ಡಿಗೇ ಸಂಚಕಾರ ಬಂದಿತ್ತು.

“ನಾನು ತಿದ್ದಿಲ್ಲಮ್ಮಾ. ತೆಗೆದಿದ್ದು ತೆಗೆದ ಹಾಗೇ ಇದೆ, ಬನ್ನಿ ತೋರಿಸ್ತೀನಿ.”

ಕಂಪ್ಯೂಟರ್ ತೆರೆದ. ಈ ಫೋಟೊ ತೆಗೆದ ಶುಕ್ರವಾರ ದಿನ ಚೆನ್ನಾಗಿದೆಯೆಂದು ಯಾರೋ ಪುರೋಹಿತರು ಹೇಳಿ, ಅಂಗಡಿ ತುಂಬ ಕೂಸುಗಳು ಬಂದಿದ್ದವು. ಸ್ಟುಡಿಯೊದ ಬಿದಿರುಬುಟ್ಟಿಯ ಬಟ್ಟೆ ಬದಲಿಸಿ ಬದಲಿಸಿ ಅವನ ಸೊಂಟ ಬಿದ್ದುಹೋಗಿತ್ತು. ಈಗ ಪರದೆಯ ಮೇಲೆ ಅದೇ ಬುಟ್ಟಿ, ಸ್ಟುಡಿಯೊದ್ದೇ ಮೊಲದ ಕಿವಿಯ ಟೋಪಿ, ಅದರೊಳಗೆ ಕಣ್ಣು ಮುಚ್ಚಿ ಮಲಗಿದ ಮಗು. ಕೆನ್ನೆ ತೊಳೆದಿಟ್ಟ ಹಾಗಿತ್ತು. ಬೊಟ್ಟಿನ ಸುಳಿವೇ ಇಲ್ಲ.

“ನೋಡಿದ್ರಾ?”

“ನೋಡ್ದೆ. ಒರೆಸಿದ್ದು ಗೊತ್ತೇ ಆಗದ ಹಾಗೆ ಒರೆಸಿದ್ದೀಯ.”

ಚಿಕ್ಕವೆಂಕಟಪ್ಪ ಕನ್ನಡಕ ಏರಿಸಿ ಪರದೆಗೆ ಮುಖ ಹಚ್ಚಿದರು. “ಬೊಟ್ಟು ಹೋದ್ರೆ ಹೋಗ್ಲಿ ಬಿಡೇ. ಮೂಗು ನೋಡು, ಅಚ್ಚು ನನ್ನದೇ. ಹಣೆ ನಮ್ಮಪ್ಪಂದು. ವಂಶದ ಕಳೆ ಎಲ್ಲಿಗೆ ಹೋಗ್ತದೆ!”

“ಅಮ್ಮಾ, ಇದು ನಮ್ ಪಾಪು ಥರಾನೇ ಇಲ್ಲ ಕಣಮ್ಮ” ಎಂದಳು ಚೈತ್ರ.

“ಕೇಳಿಸ್ಕೊಂಡ್ಯಾ ಕನಕರಾಜು? ಹೆತ್ತೋಳಿಗೇ ಗುರುತು ಸಿಗದ ಹಾಗೆ ತಿದ್ದಿದ್ದೀಯ!”

“ಕೈವಾರಕ್ಕೆ ನಡೀರಿ. ತಾತಯ್ಯನ ಗುಡಿ ಮುಂದೆ ಪ್ರಮಾಣ ಮಾಡ್ತೀನಿ, ನಾನು ಒರೆಸಿಲ್ಲ ಅಂತ.”

“ನಾನೂ ಮಾಡ್ತೀನಿ, ಇಟ್ಟಿದ್ದೆ ಅಂತ.”

ಇಬ್ಬರೂ ಸುಳ್ಳು ಹೇಳುವ ಪೈಕಿಯಲ್ಲ. ಅದೇ ಫಜೀತಿ. ಮಗು ಕೆಂಪಗಾಗಿ ಅರಚುತ್ತಿತ್ತು, ಅದರ ಕಡೆ ಯಾರೂ ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಪರದೆಯ ಮೇಲೆ. ಪಕ್ಕದ ಬೇಕರಿಯವನೂ ಬಂದು ಇಣುಕಿದ.

“ಈಗೇನು ಮಾಡ್ಬೇಕು, ಹೇಳಿ” ಎಂದ ಕನಕರಾಜು.

“ಬೊಟ್ಟಿಡು. ಎಲ್ಲರಿಗೂ ಮತ್ತೆ ಕಳಿಸ್ತೀನಿ. ಇಲ್ದಿದ್ರೆ ನಿನ್ ಬೋರ್ಡು ಸುಳ್ಳು ಅಂತ ಊರಿಗೆಲ್ಲ ಹೇಳ್ತೀನಿ.”

ಬೋರ್ಡಿನ ಮಾನ ಉಳಿಸಲು ಬೋರ್ಡಿಗೇ ದ್ರೋಹ ಮಾಡಬೇಕು. ಕನಕರಾಜು ಮೌಸ್ ಹಿಡಿದ. ಕೆನ್ನೆಯ ಮೇಲೆ ಒಂದು ಕಪ್ಪು ಚುಕ್ಕೆ ಮೂಡಿತು.

“ಇನ್ನೊಂಚೂರು ದಪ್ಪ. ಹ್ಞಾ, ಅಲ್ಲೇ.”

ಅಷ್ಟರಲ್ಲಿ ಚೈತ್ರ ಮೂಲೆಯ ಬಟ್ಟೆ ಪರದೆಯ ಹಿಂದೆ ಹೋಗಿ ಮಗುವಿಗೆ ಹಾಲು ಕೊಡಲು ಕೂತಿದ್ದಳು. ಮಗುವಿನ ಅಳು ಗಕ್ಕನೆ ನಿಂತಿತು.

“ನೋಡ್ದ್ಯಾ! ಬೊಟ್ಟು ಬಿದ್ದ ತಕ್ಷಣ ಕುಡೀತು!” ನಾರಾಯಣಮ್ಮ ಗೆದ್ದ ಮುಖ ಹೊತ್ತು ಹೊರಟರು. ಚಿಕ್ಕವೆಂಕಟಪ್ಪ ಮಾತ್ರ ಹೋಗುವಾಗಲೂ ಫೋನಿನಲ್ಲಿ ಆ ಮೂಗನ್ನೇ ನೋಡಿಕೊಳ್ಳುತ್ತಿದ್ದರು.

ಕನಕರಾಜುವಿಗೆ ಅಳುವೇ ಬಂದಂತಾಯಿತು. ಇನ್ನು ಆ ಬೋರ್ಡಿನ ಕೆಳಗೆ ಯಾವ ಮುಖ ಇಟ್ಟುಕೊಂಡು ಕೂರುವುದು? ಸ್ಟೂಲು ಎಳೆದು ಹತ್ತಿ, ಸ್ಕ್ರೂ ಬಿಚ್ಚತೊಡಗಿದ.

“ಬಿಚ್ಚಿ, ಬಿಚ್ಚಿ. ಬಿಚ್ಚಬೇಕಾದ್ದೇ.”

ಕೆಳಗೆ ನಿಂತಿದ್ದವಳು ಕಾಲೇಜಿನಲ್ಲಿ ಪಾಠ ಮಾಡುವ ಸಂಘಮಿತ್ರ. ಅವಳೂ ಶುಕ್ರವಾರ ಕೂಸನ್ನು ಕರೆತಂದಿದ್ದಳು, ನಿನ್ನೆ ಫೋಟೊದ ಲಕೋಟೆ ಒಯ್ದಿದ್ದಳು. ಈಗ ಅದರೊಳಗಿನ ಫೋಟೊವನ್ನು ಮೇಲಕ್ಕೆ ಚಾಚಿದಳು.

“ಈ ಬೋರ್ಡ್ ನಂಬ್ಕೊಂಡೇ ಬಂದಿದ್ವಿ ಸಾರ್. ನಮ್ಮನೇಲಿ ದೃಷ್ಟಿ ಬೊಟ್ಟು ಇಡೋ ಪದ್ಧತೀನೇ ಇಲ್ಲ. ಮಲಗಿದ್ದ ನನ್ನ ಮಗಳ ಕಣ್ಣು ಬಿಡಿಸಿ, ನಗಿಸಿ, ಕೆನ್ನೆಗೆ ಬೊಟ್ಟು ಬೇರೆ ಬರೆದಿದ್ದೀರಲ್ಲ!”

ಕನಕರಾಜು ಸ್ಟೂಲಿನ ಮೇಲಿಂದಲೇ ಬಗ್ಗಿ ನೋಡಿದ. ಬುಟ್ಟಿಯೊಳಗೆ ಬೊಚ್ಚುಬಾಯಿ ಬಿಟ್ಟು ನಗುತ್ತಿದ್ದ, ನಾರಾಯಣಮ್ಮನವರ ಮೊಮ್ಮಗ.