ಚಿಟ್ಟೆಮನೆಯ ಬಾಗಿಲಲ್ಲಿ

"ಕೈ ಮೇಲೆತ್ತಮ್ಮ, ಸೀರೇಲಿ ಚಿಟ್ಟೆ ಕೂತಿದ್ರೆ ಆಚೆ ಓಗ್ಬಿಡ್ತದೆ," ಅಂದ ಚಿನ್ನದ ಗಣಿಯೂರು ಊರಿಗಾಂನ ತೋಟದಲ್ಲಿ ಚಿಟ್ಟೆಮನೆ ಕಾಯುವ ಆಂಜನಪ್ಪ. ನಾಗವೇಣಿ ಬಲೆಬಾಗಿಲ ಬಳಿ ಎರಡೂ ಕೈ ಎತ್ತಿ ನಿಂತಳು. ಅವನು ಬಗ್ಗಿ ಸೆರಗಿನ ಮಡಿಕೆಗಳನ್ನು ನೋಡತೊಡಗಿದ.

"ಏನಣ್ಣ, ನಾವೇನು ಚಿನ್ನ ಇಟ್ಕಂಡು ಓಗ್ತೀವಾ?" ಎಂದು ಹಿಂದೆ ನಿಂತಿದ್ದ ಅತ್ತಿಗೆ ಕಾಂತಮ್ಮ ನಕ್ಕಳು; ನಾಗವೇಣಿಯ ಮುಖ ಕಂಡು ನಾಲಿಗೆ ಕಚ್ಚಿಕೊಂಡಳು.

ಗಣಿಯಿಂದ ಮೇಲೆ ಬಂದವರನ್ನೆಲ್ಲ ಚಿನ್ನಕ್ಕಾಗಿ ತಡಕುವುದು ವಾಡಿಕೆ. ಹೋದ ಬೇಸಿಗೆಯಲ್ಲಿ ಬಂಡೆ ಕುಸಿದು ಸತ್ತ ನಾಗವೇಣಿಯ ಗಂಡನನ್ನು ಮೇಲೆ ತಂದಾಗಲೂ ಕಾವಲಿನವರು ತಡಕಿದ ಮೇಲೆಯೇ ಬಿಟ್ಟಿದ್ದರು. ಅವನ ಸೆಟೆದ ಕೈಗಳನ್ನು ಎತ್ತಿ ಹಿಡಿದುಕೊಂಡವಳು ಇವಳೇ. ಅವತ್ತೂ ಅಳಲಿಲ್ಲ, ಆಮೇಲೂ ಅಳಲಿಲ್ಲ.

"ಏನೂ ಇಲ್ಲ ಬಿಡಮ್ಮ, ಕೈ ಇಳಿಸು," ಅಂದ ಆಂಜನಪ್ಪ.

ಕೈ ಇಳಿಯಲಿಲ್ಲ. ಕಣ್ಣೀರು ಕುತ್ತಿಗೆಗೆ ಇಳಿಯುತ್ತಿತ್ತು.

"ಅವರತ್ರಾನೂ ಏನೂ ಇರ್ಲಿಲ್ಲಣ್ಣ," ಎಂದಳು.