ಕಂಬಳಿ ಕಾಂಚನಾ

ಬಹುಮಾನವಾಗಿ ಬಂದಿದ್ದ ಹೊಸ ಕಾಲು ಪ್ಯಾಡುಗಳನ್ನು ಶಶಿಕಾಂತ್ ತನ್ನ ಫ್ಲೆಕ್ಸ್ ಅಂಗಡಿಯ ಗಾಜಿನ ಬೀರುವಿನಲ್ಲಿ ನಿಲ್ಲಿಸಿ ಬೀಗ ಹಾಕುತ್ತಿದ್ದ. ಎರಡು ಕಂಬಳಿ ಹೆಗಲಿಗೆ ಹಾಕಿಕೊಂಡು ಸೂರಮ್ಮ ಮೆಟ್ಟಿಲು ಹತ್ತಿ ಬಂದಳು.

"ಅದನ್ನ ಯಾಕಪ್ಪಾ ಒಳಗಿಡ್ತೀಯಾ? ಸಂಜೆ ಕಾಂಚನಾಗೆ ಮ್ಯಾಚ್ ಐತಲ್ಲ."

ಸಣ್ಣ ಊರುಗಳ ಹಾಕಿ ತಂಡಗಳಲ್ಲಿ ಯಾವುದು ಚೆನ್ನಾಗಿ ಪ್ರಚಾರ ಮಾಡಿ ಜನ ಸೇರಿಸುತ್ತದೋ ಅದಕ್ಕೆ ವರ್ಷಕ್ಕೊಂದು ಪ್ರಶಸ್ತಿ. ಈ ಸಲ ಅದು ಮೊಳಕಾಲ್ಮೂರಿನ ಹುಡುಗಿಯರ ತಂಡಕ್ಕೆ ಬಂದಿತ್ತು. ಚಳ್ಳಕೆರೆಯ ವೇದಿಕೆಯಲ್ಲಿ ಹಾರ ಹಾಕಿಸಿಕೊಂಡವನು ಪ್ರಚಾರ ನೋಡಿಕೊಳ್ಳುವ ಶಶಿಕಾಂತ್. ಜನ ಸೇರಿದ್ದು ಮಾತ್ರ ಸೂರಮ್ಮನ ಮಗಳನ್ನು ನೋಡಲು. ಗೋಲು ಕಾಯುವ ಕಾಂಚನಾಗೆ ಪ್ಯಾಡಿರಲಿಲ್ಲ. ಮನೆಯ ಕರಿ ಕಂಬಳಿಗಳನ್ನೇ ಮಡಿಸಿ, ಕಾಲಿಗೆ ಹಗ್ಗದಲ್ಲಿ ಬಿಗಿದು ನಿಲ್ಲುತ್ತಿದ್ದಳು. ಶಶಿಕಾಂತ್ ಅದರ ಫೋಟೋ ತೆಗೆದು, 'ಕಂಬಳಿ ಕಾಂಚನಾ' ಎಂದು ಬರೆಸಿ, ಬಸ್ ಸ್ಟ್ಯಾಂಡಿನಿಂದ ಹಿಡಿದು ಟ್ರ್ಯಾಕ್ಟರಿನ ಹಿಂದಿನವರೆಗೂ ಫ್ಲೆಕ್ಸ್ ಕಟ್ಟಿಸಿದ್ದ.

"ಅಕ್ಕಾ, ಸ್ವಲ್ಪ ತಿಳ್ಕೊಳ್ರಿ. ಪ್ಯಾಡ್ ಕಟ್ಟಿದ ಗೋಲ್‌ಕೀಪರ್ ಎಲ್ಲಾ ಊರಾಗೂ ಅದಾರೆ. ಕಂಬಳಿ ಕಟ್ಟಿದೋಳು ನಮ್ಮೂರಾಗೆ ಮಾತ್ರ. ಇವತ್ತೂ ಸಿದ್ದಾಪುರದಿಂದ ಟ್ರ್ಯಾಕ್ಟರ್ ಮಾಡ್ಕೊಂಡು ಬರ್ತಾರೆ. ಕಂಬಳಿ ಬಿಚ್ಚಿದ್ರೆ ಬರೋ ವರ್ಷ ನಮ್ಮನ್ಯಾರು ಕೇಳ್ತಾರೆ?"

"ಬರೋ ವರ್ಷಕ್ಕೆ ಹುಡುಗಿಗೆ ಕಾಲಿರಬೇಕಲ್ಲಪ್ಪಾ."

"ಕಂಬಳಿ ಒಳ್ಳೇ ದಪ್ಪ ಐತಲ್ಲಕ್ಕಾ."

"ಚಳಿಗೆ ದಪ್ಪ. ಚೆಂಡಿಗಲ್ಲ."

ಬೆಳಿಗ್ಗೆ ಉಪ್ಪಿನ ಗಂಟಿನಿಂದ ಶಾಖ ಕೊಡುವಾಗ ಮಗಳ ಮೊಣಕಾಲಿನ ಕೆಳಗೆ ಬದನೆಕಾಯಿ ಬಣ್ಣ ಕಂಡಿತ್ತು. ಅದನ್ನು ಹೇಳಿ ಫಲವಿಲ್ಲ ಎಂದು ಸೂರಮ್ಮನಿಗೆ ಗೊತ್ತು. ಫ್ಲೆಕ್ಸಿನಲ್ಲಿ ಬಾವು ಕಾಣುವುದಿಲ್ಲ. ಅವಳು ಹೆಗಲ ಮೇಲಿನ ಕಂಬಳಿಗಳನ್ನು ಅವನ ಮೇಜಿನ ಮೇಲಿಟ್ಟಳು.

"ತಗೋ, ನೀನೇ ಕಟ್ಕೋ. ಕಾಂಚನಾನ ಕರೀತೀನಿ. ಒಂದೇ ಒಂದು ಚೆಂಡು ಹೊಡೀಲಿ. ತಡ್ಕೊಂಡ್ಯೋ, ಪ್ಯಾಡು ಬೀರುದಾಗೇ ಇರಲಿ."

ಶಶಿಕಾಂತ್ ನಕ್ಕ. ಸೂರಮ್ಮ ನಗಲಿಲ್ಲ. ಕಂಬಳಿಗೆ ಸುತ್ತಿದ್ದ ಹಗ್ಗವನ್ನೂ ಬಿಚ್ಚಿ ಅವನ ಕೈಗೆ ಕೊಟ್ಟಳು. ಅವನು ಹಗ್ಗ ನೋಡಿದ, ಬಗ್ಗಿ ತನ್ನ ಕಾಲು ನೋಡಿಕೊಂಡ. ಆಮೇಲೆ ಜೇಬಿನಿಂದ ಬೀಗದ ಕೈ ತೆಗೆದ. ಸೂರಮ್ಮ ಕಂಬಳಿಗಳನ್ನು ಮತ್ತೆ ಹೆಗಲಿಗೆ ಹಾಕಿಕೊಂಡಳು.

ಸಂಜೆ ಮೈದಾನದ ಸುತ್ತ ಜನವೋ ಜನ. ಪ್ಯಾಡು ಕಟ್ಟಿದ ಕಾಂಚನಾ ಗೋಲಿನ ಮುಂದೆ ಬಂದು ನಿಂತಾಗ ಯಾರೂ ಸಿಳ್ಳೆ ಹಾಕಲಿಲ್ಲ. ಒಂದಷ್ಟು ಮಂದಿ ಎದ್ದು ಮಿರ್ಚಿ ಗಾಡಿಯ ಕಡೆ ಹೊರಟರು. ಶಶಿಕಾಂತ್ ಅವರ ಬೆನ್ನನ್ನೇ ನೋಡುತ್ತ ನಿಂತ.

ಸೂರಮ್ಮನ ಪಕ್ಕದಲ್ಲಿ ನಿಂತಿದ್ದ ಸಿದ್ದಾಪುರದ ಮುದುಕರೊಬ್ಬರು ಕೇಳಿದರು: "ಏನವ್ವಾ, ಆ ಕಂಬಳಿ ಬರಲಿಲ್ವಾ? ಅದನ್ನ ನೋಡೋಕೇ ಇಷ್ಟು ದೂರ ಬಂದ್ವಿ."

ಅಷ್ಟರಲ್ಲಿ ಚೆಂಡು ಬಂದು ಕಾಂಚನಾಳ ಕಾಲಿಗೆ ದಪ್ಪೆಂದು ಬಡಿಯಿತು. ಅವಳು ಅದನ್ನು ಒದ್ದು ದೂರ ಕಳಿಸಿದಳು. ಬಗ್ಗಿ ಕಾಲು ನೀವಿಕೊಳ್ಳಲಿಲ್ಲ, ಕುಂಟಲೂ ಇಲ್ಲ.

ಸೂರಮ್ಮ ಹೆಗಲ ಮೇಲಿನ ಕಂಬಳಿ ತೆಗೆದು, ಎರಡು ಸಲ ಕೊಡವಿ, ಮುದುಕರ ಮುಂದೆ ಹಾಸಿದಳು.

"ಕಂಬಳಿ ಬಂದೈತೆ ಯಜಮಾನ್ರೇ. ಕುಂತ್ಕೊಳ್ರಿ. ಈಗ ಹುಡುಗಿ ಆಟ ನೋಡ್ರಿ."