ನಲ್ಲಿಯ ಸದ್ದು

ಗುಟ್ಟಿನ ಮಾತೇನೇ ಇರಲಿ, ಮುದುಕ ಮೊದಲು ಅಡುಗೆಮನೆಯ ನಲ್ಲಿ ತಿರುಗಿಸುತ್ತಿದ್ದ. ಕಮ್ಯುನಿಸ್ಟ್ ಪಕ್ಷದ ಆಳ್ವಿಕೆಯಲ್ಲಿ ಆ ದೇಶದ ಮನೆಮನೆಯವರೂ ಕಲಿತ ಅಭ್ಯಾಸ ಅದು. ಗೋಡೆಯೊಳಗೆ ಹುದುಗಿಸಿಟ್ಟ ಮೈಕಿಗೆ ಬರೀ ನೀರಿನ ಸದ್ದು ಕೇಳಲಿ ಅಂತ. ಒಮ್ಮೆ ನಲ್ಲಿಯಲ್ಲಿ ನೀರು ಬಾರದ ದಿನ ಅವನ ಹೆಂಡತಿ ನಾಯಕನ ಮೀಸೆಯ ಬಗ್ಗೆ ತಮಾಷೆ ಮಾಡಿದ್ದಳು. ಮರುದಿನ ಅವಳನ್ನು ಕರೆದೊಯ್ದವರು ವಾಪಸು ಕಳಿಸಲಿಲ್ಲ.

ಪಕ್ಷ ಬಿದ್ದು ಮೂವತ್ತು ವರ್ಷವಾಗಿತ್ತು. ಹಳಬರೇ ಹೊಸ ಕೋಟು ಹಾಕಿಕೊಂಡು ಓಟು ಕೇಳುತ್ತಿದ್ದರು. ಮೊನ್ನೆ ಮತಪೆಟ್ಟಿಗೆಗೆ ಕಳ್ಳವೋಟು ತುಂಬುವುದನ್ನು ಮೊಬೈಲಿನಲ್ಲಿ ಹಿಡಿದ ಹುಡುಗಿಗಾಗಿ ಪೊಲೀಸರು ಊರೆಲ್ಲ ಜಾಲಾಡುತ್ತಿದ್ದರು. ಅವಳನ್ನು ಬಚ್ಚಿಟ್ಟವನು ಮುದುಕನೇ.

“ನನ್ನ ಕಾರಲ್ಲೇ ಅವಳನ್ನ ಗಡಿ ದಾಟಿಸ್ತೀನಿ,” ಎಂದ ಮಗ. “ಎಲ್ಲಿದಾಳೆ ಹೇಳಪ್ಪ.”

ಮುದುಕ ನಲ್ಲಿ ತಿರುಗಿಸಿ ಮಗನ ಕಿವಿಯತ್ತ ಬಾಗಿದ.

ಮಗ ನಕ್ಕುಬಿಟ್ಟ. “ಅಯ್ಯೋ, ಇನ್ನೂ ಬಿಟ್ಟಿಲ್ವಾ ಈ ಹುಚ್ಚು? ಈಗ ಪ್ರಜಾಪ್ರಭುತ್ವ ಕಣಪ್ಪಾ! ಗೋಡೆಯೊಳಗೆ ಯಾವನೂ ಕೂತಿಲ್ಲ. ಅಮ್ಮ ಇದ್ದಿದ್ರೆ ನಿನ್ನ ನೋಡಿ ನಗ್ತಿದ್ಲು. ನಿಲ್ಸು ಅದನ್ನ, ಗಂಡಸಿನ ಥರ ಮಾತಾಡು.”

ಹೆಂಡತಿಯ ಪ್ರಸ್ತಾಪ ಬಂದದ್ದೇ ಮುದುಕನಿಗೆ ನಾಚಿಕೆಯಾಯಿತು. ನಲ್ಲಿ ನಿಲ್ಲಿಸಿದ. ಅವಳು ಹೋದ ಮೇಲೆ ಮೊದಲ ಸಲ, ಆ ಅಡುಗೆಮನೆಯಲ್ಲಿ ಬಾಯಿತುಂಬ ಹೇಳಿದ:

“ಹಳೇ ಹಿಟ್ಟಿನ ಗಿರಣಿ ಇದೆಯಲ್ಲ, ಅದರ ಅಟ್ಟದ ಮೇಲಿದಾಳೆ, ಮಗಾ.”

ಮಗ ಅಂಗಿಯ ಜೇಬಿನಿಂದ ಮೊಬೈಲು ತೆಗೆದು ಬಾಯಿಗೆ ಹಿಡಿದ.

“ಈಗ ಸರಿಯಾಗಿ ಕೇಳಿಸ್ತಾ, ಸಾರ್?”